ಎಂಜಿನ್‌ಗೂ ನೆನಪಿರಬೇಕು

ಸಕಲೇಶಪುರ ಪಟ್ಟಣದ ನೆತ್ತಿಯ ಮೇಲೆ, ಸಮುದ್ರಮಟ್ಟದಿಂದ 5,500 ಅಡಿ ಎತ್ತರದಲ್ಲಿ, ನಾಲ್ಕು ಸೀಟಿನ ಸೆಸ್ನಾ 172 ವಿಮಾನದ ಒಂಟಿ ಎಂಜಿನ್ ನಿಂತುಹೋಯಿತು ಎಂದುಕೊಳ್ಳಿ. ಪಟ್ಟಣವೇ ಸುಮಾರು 3,100 ಅಡಿ ಎತ್ತರದಲ್ಲಿದೆ. ಹಾಗಾಗಿ ಕೈಯಲ್ಲಿ ಉಳಿದದ್ದು 2,400 ಅಡಿ ಮಾತ್ರ. ಎಂಜಿನ್ ಇಲ್ಲದೆ ಈ ವಿಮಾನ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದಕ್ಕೆ ತೇಲುತ್ತದೆ. ಗಾಳಿಯಿಲ್ಲದ ದಿನವಾದರೆ ಆರೂವರೆ ಕಿಲೋಮೀಟರ್ ಹೋಗಬಹುದು. ಅದಕ್ಕೆ ಸಿಗುವ ಸಮಯ ಮೂರು ನಿಮಿಷದ ಆಸುಪಾಸು.

ಈ ಆರೂವರೆ ಕಿಲೋಮೀಟರಿನೊಳಗೆ ಏನೇನಿದೆ? ಪಶ್ಚಿಮಕ್ಕೆ ದೋಣಿಗಾಲ್ ಬಳಿ, 1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ. ಅದರಾಚೆ ನೆಲವೇ ಕೈಬಿಟ್ಟು ಶಿರಾಡಿ ಘಾಟಿಯ ದಟ್ಟ ಕಾಡು. ಸುತ್ತಲೂ ಸಿಲ್ವರ್ ಓಕ್ ಮರಗಳು ಎದ್ದುನಿಂತ ಕಾಫಿ ತೋಟಗಳು. ಎರಡು ಗುಡ್ಡಗಳ ನಡುವೆ ಅಲ್ಲಲ್ಲಿ ಅಗಲ ಕಿರಿದಾದ ಗದ್ದೆ ಬಯಲು, ಅದರ ಮೇಲೆ ಅಡ್ಡಲಾಗಿ ಹಾದುಹೋದ ಕರೆಂಟಿನ ತಂತಿ. ಬಾಳ್ಳುಪೇಟೆ ದಾಟಿ ಆಲೂರಿನ ಕಡೆಗೆ ಹೋದರೆ ಗುಡ್ಡಗಳು ತಗ್ಗುತ್ತವೆ. ಮೆಕ್ಕೆಜೋಳ, ಆಲೂಗಡ್ಡೆ, ಶುಂಠಿಯ ಹೊಲಗಳು ತೆರೆದುಕೊಳ್ಳುತ್ತವೆ. ವಿಮಾನ ಇಳಿಸಲು ಅಲ್ಲಿ ಜಾಗ ಸಿಕ್ಕೀತು. ಆದರೆ ಅಷ್ಟು ದೂರ ತೇಲಲು ಎತ್ತರ ಸಾಲದು.

ಈ ಪ್ರಯೋಗವನ್ನು ಇವತ್ತು ಯಾರು ಬೇಕಾದರೂ ಮನೆಯ ಕಂಪ್ಯೂಟರಿನಲ್ಲಿ ಮಾಡಿ ನೋಡಬಹುದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಎಕ್ಸ್‌-ಪ್ಲೇನ್‌ಗಳಂಥ ತಂತ್ರಾಂಶಗಳಲ್ಲಿ ಸಕಲೇಶಪುರದ ಗುಡ್ಡಗಳೂ ಇವೆ, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರೂ ಇದೆ. ಎಂಜಿನ್ ನಿಲ್ಲಿಸುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು. ಎಲ್ಲಿ ಇಳಿಯುವುದು ಎಂಬ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. ಆದರೆ ಅದಕ್ಕಿಂತ ಹಿಂದಿನ, ಅದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ: ಎಂಜಿನ್ ನಿಂತದ್ದಾದರೂ ಏಕೆ? ಅರ್ಧ ಗಂಟೆ ಮೊದಲು ಪೈಲಟ್ ಮಾಡಿದ ಯಾವ ಕೆಲಸ, ಮಾಡದೆ ಬಿಟ್ಟ ಯಾವ ಕೆಲಸ ಅದಕ್ಕೆ ಕಾರಣ? ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರುವ ಸಿಮ್ಯುಲೇಟರ್ ಪಾಠಶಾಲೆ. ಉತ್ತರವಿಲ್ಲದ್ದು ಚಂದದ ಚಿತ್ರ ಅಷ್ಟೆ.

ಕೆಡುವುದರಲ್ಲಿ ಮೂರು ಬಗೆ

ಸಿಮ್ಯುಲೇಟರಿನ ವಿಮಾನ ಕೆಡುವುದರಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಚೀಟಿ ಎತ್ತುವ ಬಗೆ. ಇಷ್ಟು ಗಂಟೆಗೊಮ್ಮೆ ಸರಾಸರಿ ಒಂದು ಕೆಡುಕು ಬರಲಿ ಎಂದು ಮೊದಲೇ ಹೇಳಿಟ್ಟರೆ ಕಂಪ್ಯೂಟರ್ ಯಾವುದೋ ಗಳಿಗೆಯಲ್ಲಿ ಎಂಜಿನ್ ನಿಲ್ಲಿಸುತ್ತದೆ, ಇಲ್ಲವೇ ಒಂದು ಮೀಟರ್ ಕೆಡಿಸುತ್ತದೆ. ಎಕ್ಸ್‌-ಪ್ಲೇನ್‌ನಲ್ಲಿ ಇಂಥ ಕೆಡುಕುಗಳ ಉದ್ದದ ಪಟ್ಟಿಯೇ ಇದೆ. ತಟ್ಟನೆ ಎದುರಾದ ಅಪಾಯವನ್ನು ನಿಭಾಯಿಸುವ ಅಭ್ಯಾಸಕ್ಕೆ ಇದು ಒಳ್ಳೆಯದು. ಆದರೆ ಇಲ್ಲಿ ಪೈಲಟ್‌ನ ನಡತೆಗೂ ಎಂಜಿನ್‌ನ ಆಯಸ್ಸಿಗೂ ಸಂಬಂಧವೇ ಇಲ್ಲ. ಜೋಪಾನವಾಗಿ ಹಾರಿಸಿದವರಿಗೂ ಅದೇ ಚೀಟಿ, ಒರಟಾಗಿ ಹಾರಿಸಿದವರಿಗೂ ಅದೇ ಚೀಟಿ.

ಎರಡನೆಯದು ಗೆರೆ ದಾಟಿದರೆ ಶಿಕ್ಷೆ ಕೊಡುವ ಬಗೆ. ಮೀಟರಿನ ಕೆಂಪು ಗೆರೆ ದಾಟಿ ಮುಳ್ಳು ಇಷ್ಟು ಹೊತ್ತು ನಿಂತರೆ ಎಂಜಿನ್ ಸತ್ತಿತು. ಗೆರೆಗೆ ಒಂದು ಕೂದಲಷ್ಟು ಈಚೆ ಎಷ್ಟು ಹೊತ್ತು ಓಡಿಸಿದರೂ ಏನೂ ಆಗದು. ಇದು ಮೊದಲನೆಯದಕ್ಕಿಂತ ವಾಸಿ, ಆದರೆ ಲೋಹದ ಸ್ವಭಾವ ಹೀಗಿಲ್ಲ. ಲೋಹಕ್ಕೆ ಗೆರೆ ಕಾಣಿಸುವುದಿಲ್ಲ.

ಮೂರನೆಯದೇ ನಿಜವಾದ ಬಗೆ. ಇಲ್ಲಿ ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಲೆಕ್ಕ. ಉರಿದ ಇಂಧನದಿಂದ ಎಷ್ಟು ಶಾಖ ಬಂತು, ಎದುರು ಗಾಳಿ ಎಷ್ಟನ್ನು ಹೊತ್ತೊಯ್ದಿತು, ಆಯಿಲ್ ಎಷ್ಟನ್ನು ಹೀರಿತು, ಉಳಿದದ್ದು ಎಷ್ಟು ಎಂದು ಕಂಪ್ಯೂಟರ್ ಕ್ಷಣಕ್ಷಣವೂ ಕೂಡಿ ಕಳೆಯುತ್ತದೆ. ಶಾಖ ಹೆಚ್ಚಿದಂತೆ ಸವೆತದ ವೇಗ ಹೆಚ್ಚುತ್ತದೆ. ಆಯಿಲ್ ತೆಳುವಾದರೆ ಬೇರಿಂಗ್ ಸವೆಯುತ್ತದೆ. ಪ್ಲಗ್‌ನ ಮೇಲೆ ಮಸಿ ಕೂರುತ್ತದೆ, ಪಿಸ್ಟನ್ ರಿಂಗ್ ಸಡಿಲವಾಗುತ್ತದೆ, ಸಿಲಿಂಡರಿನ ಕಂಪ್ರೆಷನ್ ಕುಸಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಮಾನ ಇಳಿಸಿ ಕಂಪ್ಯೂಟರ್ ಆರಿಸಿದ ಮೇಲೂ ಈ ಲೆಕ್ಕ ಅಳಿಸಿಹೋಗುವುದಿಲ್ಲ. ನಾಳೆ ಅದೇ ವಿಮಾನ ತೆಗೆದರೆ ನಿನ್ನೆಯ ಸವೆತ ಹಾಗೇ ಇರುತ್ತದೆ. ಎ2ಎ ಸಿಮ್ಯುಲೇಷನ್ಸ್ ಎಂಬ ತಂಡ ‘ಅಕ್ಯು-ಸಿಮ್’ ಹೆಸರಿನಲ್ಲಿ ವರ್ಷಗಳಿಂದ ಬೆಳೆಸಿಕೊಂಡು ಬಂದಿರುವುದು ಈ ಬಗೆಯನ್ನೇ. ಅವರ ಕೊಮ್ಯಾಂಚಿ 250 ವಿಮಾನದಲ್ಲಿ ಹಾರುವ ಮೊದಲು ಸುತ್ತ ನಡೆದು ಇಂಧನದ ಸ್ಯಾಂಪಲ್ ತೆಗೆದು ನೋಡಬಹುದು. ಹಾರಿ ಬಂದ ಮೇಲೆ ಶೆಡ್‌ಗೆ ಒಯ್ದು ಕಂಪ್ರೆಷನ್ ಪರೀಕ್ಷಿಸಬಹುದು, ಆಯಿಲ್ ಬದಲಿಸಬಹುದು.

ಮೊದಲ ಎರಡು ಬಗೆಯಲ್ಲಿ ಎಂಜಿನ್‌ಗೆ ನೆನಪಿಲ್ಲ. ಮೂರನೆಯದರಲ್ಲಿ ಇದೆ. ಎಂಜಿನ್‌ಗೆ ನೆನಪಿದೆ ಎಂದು ಗೊತ್ತಾದ ದಿನದಿಂದ ಹಾರಿಸುವವರ ಕೈ ತಾನಾಗಿ ಮೃದುವಾಗುತ್ತದೆ.

ಬಿಸಿಲೆಯ ಮೋಡದಲ್ಲಿ ಹಿಮ

ಸಕಲೇಶಪುರದ ಹವೆಗೂ ಎಂಜಿನ್ ಕೆಡುವುದಕ್ಕೂ ಗಾಢವಾದ ನಂಟಿದೆ. ವಿಮಾನದ ಎಂಜಿನ್ ಹಿಮಕಟ್ಟಿ ನಿಲ್ಲುತ್ತದೆ ಎಂದರೆ ನಮ್ಮ ಮನಸ್ಸು ಹಿಮಾಲಯಕ್ಕೆ ಓಡುತ್ತದೆ. ಆದರೆ ಕಾರ್ಬ್ಯುರೇಟರ್ ಇರುವ ಎಂಜಿನ್‌ಗೆ ಹೆಚ್ಚು ಅಪಾಯ ಇರುವುದು ಕೊರೆಯುವ ಚಳಿಯಲ್ಲಲ್ಲ. ತೇವ ತುಂಬಿದ ತಂಪು ಗಾಳಿಯಲ್ಲಿ. ಕಾರ್ಬ್ಯುರೇಟರಿನ ಕಿರಿದಾದ ಕತ್ತಿನಲ್ಲಿ ಗಾಳಿ ರಭಸವಾಗಿ ನುಗ್ಗುವಾಗ ಒತ್ತಡ ಇಳಿದು ತಣ್ಣಗಾಗುತ್ತದೆ. ಅಲ್ಲೇ ಪೆಟ್ರೋಲ್ ಆವಿಯಾಗುವಾಗ ಇನ್ನಷ್ಟು ಶಾಖವನ್ನು ಹೀರುತ್ತದೆ. ಎರಡೂ ಸೇರಿ ಒಳಗಿನ ಉಷ್ಣಾಂಶ 20 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಹೊರಗೆ ಹಿತವಾದ 20 ಡಿಗ್ರಿ ಇದ್ದಾಗಲೂ ಒಳಗೆ ನೀರಾವಿ ಹಿಮವಾಗಿ ಗೋಡೆಗೆ ಅಂಟುತ್ತದೆ. ಮಳೆಗಾಲದ ಮಲೆನಾಡು ಎಂದರೆ ಇದೇ ಹವೆ ತಾನೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಗುಡ್ಡಗಳ ಮೇಲಿನ ಗಾಳಿ ಪಠ್ಯಪುಸ್ತಕದಲ್ಲಿ ಬರೆದಿಟ್ಟಂತೆ ಕಾರ್ಬ್ಯುರೇಟರ್ ಹಿಮಕ್ಕೆ ಹೇಳಿಮಾಡಿಸಿದ್ದು.

ಆಗಸ್ಟ್ ತಿಂಗಳ ಒಂದು ಬೆಳಗ್ಗೆ, ಹಳೆಯ ಮಾದರಿಯ ಸೆಸ್ನಾ 172ರಲ್ಲಿ, ಬಿಸಿಲೆ ಘಾಟಿಯ ಅಂಚಿನಿಂದ ಸಕಲೇಶಪುರದ ಕಡೆಗೆ ನಿಧಾನವಾಗಿ ಇಳಿಯುತ್ತಿದ್ದೀರಿ. ಬೆನ್ನ ಹಿಂದೆ ಪುಷ್ಪಗಿರಿಯ ತುದಿ ಮೋಡದಲ್ಲಿ ಮುಳುಗಿದೆ. ಇಳಿಯುವುದಕ್ಕಾಗಿ ಥ್ರಾಟಲ್ ಕಡಿಮೆ ಮಾಡಿ 2,100 ಆರ್‌ಪಿಎಂಗೆ ತಂದಿದ್ದೀರಿ. ಕೆಲ ನಿಮಿಷದಲ್ಲಿ ಮುಳ್ಳು 2,050ಕ್ಕೆ ಬರುತ್ತದೆ. ಕೈ ತಾನಾಗಿ ಥ್ರಾಟಲನ್ನು ಚೂರು ಮುಂದಕ್ಕೆ ತಳ್ಳುತ್ತದೆ, ಮುಳ್ಳು ಏರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತದೆ, ಮತ್ತೆ ತಳ್ಳುತ್ತೀರಿ. ಒಳಗೆ ಗಾಳಿಯ ದಾರಿ ಕಿರಿದಾಗುತ್ತಲೇ ಇದೆ. ನಿಮ್ಮ ಕೈ ಅದನ್ನು ಮುಚ್ಚಿಡುತ್ತಲೇ ಇದೆ. ಇದ್ದಕ್ಕಿದ್ದಂತೆ ಎಂಜಿನ್ ನಡುಗುತ್ತದೆ. ಆಗ ಕಾರ್ಬ್ಯುರೇಟರ್ ಹೀಟ್ ಗುಂಡಿ ಎಳೆಯುತ್ತೀರಿ. ಸೈಲೆನ್ಸರ್ ಸುತ್ತ ಬಿಸಿಯಾದ ಗಾಳಿ ಒಳಗೆ ನುಗ್ಗುತ್ತದೆ. ಎಂಜಿನ್ ಸುಧಾರಿಸಬೇಕಿತ್ತು, ಬದಲಿಗೆ ಆರ್‌ಪಿಎಂ ಇನ್ನೂ ಬಿತ್ತು, ಎಂಜಿನ್ ಕೆಮ್ಮತೊಡಗಿತು.

ಕಲಿಯುವವರು ಸೋಲುವುದು ಇಲ್ಲಿಯೇ. ಗಾಬರಿಯಾಗಿ ಗುಂಡಿಯನ್ನು ಮತ್ತೆ ಒಳಗೆ ತಳ್ಳುತ್ತಾರೆ. ಆದರೆ ಆ ಕೆಮ್ಮು ಕರಗಿದ ಹಿಮ ನೀರಾಗಿ ಸಿಲಿಂಡರಿಗೆ ಹೋಗುತ್ತಿರುವುದರ ಗುರುತು. ಔಷಧ ಕೆಲಸ ಮಾಡುತ್ತಿದೆ. ಗುಂಡಿಯನ್ನು ಎಳೆದೇ ಇಟ್ಟುಕೊಂಡು ಕಾದವರಿಗೆ ಮುಳ್ಳು ಮೆಲ್ಲಗೆ ಮೇಲೇರುತ್ತದೆ, ಸದ್ದು ನಯವಾಗುತ್ತದೆ. ಎಂಜಿನ್ ಕೆಮ್ಮುತ್ತಿರುವಾಗಲೂ ಕೈಕಟ್ಟಿ ಕಾಯುವ ಧೈರ್ಯವನ್ನು ಪುಸ್ತಕ ಓದಿ ಕಲಿಯಲಾಗದು. ಗುಂಡಿ ಎಳೆದ ಕೂಡಲೇ ಎಲ್ಲ ಸರಿಹೋಗುವ ಸಿಮ್ಯುಲೇಟರಿನಲ್ಲೂ ಕಲಿಯಲಾಗದು; ಅದು ತಪ್ಪನ್ನೇ ಕಲಿಸುತ್ತದೆ. ಆ ಕೆಮ್ಮನ್ನೂ, ಅದರ ನಡುವಿನ ಕೆಲವು ಸೆಕೆಂಡುಗಳ ಅನುಮಾನವನ್ನೂ ಕಟ್ಟಿಕೊಟ್ಟ ಸಿಮ್ಯುಲೇಟರ್ ಮಾತ್ರ ಇದನ್ನು ಕಲಿಸಬಲ್ಲದು.

ಏರುವಾಗ ಶಾಖ, ನಿಂತಾಗ ತುಕ್ಕು

ಇದೇ ಬೆಟ್ಟಗಳು ಬೇಸಿಗೆಯಲ್ಲಿ ಬೇರೆಯೇ ಪರೀಕ್ಷೆ ಒಡ್ಡುತ್ತವೆ. ಏಪ್ರಿಲ್ ನಡುಹಗಲಿನ 30 ಡಿಗ್ರಿ ಬಿಸಿಲಿಗೆ ಸಕಲೇಶಪುರದ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ಎಂಜಿನ್ ಪಾಲಿಗೆ ಅದು ಸುಮಾರು 5,600 ಅಡಿ ಎತ್ತರಕ್ಕೆ ಸಮ. ಗಾಳಿ ಕಡಿಮೆ, ಪೆಟ್ರೋಲ್ ಮಾತ್ರ ಅಷ್ಟೇ. ಇವೆರಡರ ಪ್ರಮಾಣವನ್ನು, ಅಂದರೆ ಮಿಕ್ಸ್ಚರನ್ನು, ಸರಿಪಡಿಸದೆ ಬಿಟ್ಟರೆ ಇಂಧನ ಪೂರ್ತಿ ಉರಿಯದೆ ಪ್ಲಗ್‌ಗಳಿಗೆ ಮಸಿ ಹಿಡಿಯುತ್ತದೆ. ವಿಮಾನದ ಪೆಟ್ರೋಲಿನಲ್ಲಿ ಇಂದಿಗೂ ಸೀಸ ಇರುವುದರಿಂದ ಅದೂ ಪ್ಲಗ್‌ನ ತುದಿಗೆ ಕಟ್ಟಿಕೊಳ್ಳುತ್ತದೆ. ಮುಂದಿನ ಸಲ ಹಾರುವ ಮುನ್ನ 1,700 ಆರ್‌ಪಿಎಂನಲ್ಲಿ ಪ್ಲಗ್‌ಗಳಿಗೆ ಕಿಡಿ ಒದಗಿಸುವ ಎರಡು ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ಆ ಹಳೆಯ ಸೆಸ್ನಾದ ಕೈಪಿಡಿಯ ಪ್ರಕಾರ ಆಗ ಆರ್‌ಪಿಎಂ 125ಕ್ಕಿಂತ ಹೆಚ್ಚು ಇಳಿಯಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು. ಮಸಿಗೆ ಹೆದರಿ ಮಿಕ್ಸ್ಚರನ್ನು ಅತಿಯಾಗಿ ತೆಳು ಮಾಡಿ ಪೂರ್ತಿ ಶಕ್ತಿಯಲ್ಲಿ ಏರಿಸಿದರೆ ಮತ್ತೊಂದು ತೊಂದರೆ: ಸಿಲಿಂಡರ್ ಕಾದು ನಾಕಿಂಗ್ ಶುರುವಾಗುತ್ತದೆ. ಉರಿ ಹದವಾಗಿ ಹರಡುವ ಬದಲು ಒಮ್ಮೆಲೇ ಸಿಡಿದು ಪಿಸ್ಟನ್ನಿನ ತಲೆಯನ್ನು ಕುಟ್ಟುತ್ತದೆ.

ಗುಂಡ್ಯದಿಂದ ಮಾರನಹಳ್ಳಿಗೆ ಲೋಡ್ ಹೊತ್ತು ಶಿರಾಡಿ ಹತ್ತುವ ಲಾರಿ ಡ್ರೈವರ್‌ಗೆ ಇದನ್ನು ವಿವರಿಸಬೇಕಾಗಿಲ್ಲ. ಟೆಂಪರೇಚರ್ ಮುಳ್ಳಿನ ಮೇಲೆ ಅವನ ಒಂದು ಕಣ್ಣು ಸದಾ ಇರುತ್ತದೆ. ಮುಳ್ಳು ಏರಿದರೆ ಬದಿಗೆ ನಿಲ್ಲಿಸಿ ಎಂಜಿನ್ ತಣಿಯಲು ಬಿಡುತ್ತಾನೆ. ಪೈಲಟ್‌ಗೆ ಬದಿ ಎಂಬುದೇ ಇಲ್ಲ. ಸಣ್ಣ ವಿಮಾನದ ಎಂಜಿನ್‌ಗೆ ರೇಡಿಯೇಟರೂ ಇಲ್ಲ. ಎದುರು ಗಾಳಿಯೇ ಅದನ್ನು ತಂಪಾಗಿಡುವುದು. ಮೂತಿ ಎತ್ತಿ ನಿಧಾನವಾಗಿ ಏರುವಾಗ ಎಂಜಿನ್ ಅತಿ ಹೆಚ್ಚು ದುಡಿಯುತ್ತದೆ, ಆದರೆ ಗಾಳಿ ಅತಿ ಕಡಿಮೆ ಸಿಗುತ್ತದೆ. ಆಗ ಮಾಡಬೇಕಾದ್ದು ಮೂತಿ ತಗ್ಗಿಸಿ ವೇಗ ಹೆಚ್ಚಿಸುವುದು. ಮುಂದೆ ಗುಡ್ಡ ಇದ್ದರೆ ಮೊದಲೇ ಸುತ್ತು ಹಾಕಿ ಎತ್ತರ ಗಳಿಸುವುದು. ಇಂಥ ವಿಮಾನಗಳಲ್ಲಿರುವ ಲೈಕಮಿಂಗ್ ಕಂಪನಿಯ ಎಂಜಿನ್‌ಗಳಲ್ಲಿ ಸಿಲಿಂಡರ್ ತಲೆಯ ಶಾಖಕ್ಕೆ ಕೆಂಪು ಗೆರೆ ಇರುವುದು 500 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ. ಆದರೆ ಎಂಜಿನ್ ಬಹುಕಾಲ ಬಾಳಬೇಕೆಂದರೆ ಅದಕ್ಕಿಂತ ಸಾಕಷ್ಟು ಕೆಳಗೇ ಇಟ್ಟುಕೊಳ್ಳಿ ಎಂಬುದು ಅನುಭವಿಗಳ ಮಾತು. ಅಲ್ಯೂಮಿನಿಯಂ ಕಾದಷ್ಟೂ ಬಲ ಕಳೆದುಕೊಳ್ಳುತ್ತದೆ. 480 ಡಿಗ್ರಿಯಲ್ಲಿ ಹತ್ತು ಸಲ ಏರಿದ ಎಂಜಿನ್ ಅಂದು ಏನನ್ನೂ ಹೇಳದೆ ಹನ್ನೊಂದನೆಯ ಸಲ ಬಿರುಕು ಬಿಡಬಹುದು. ಹತ್ತು ಹಾರಾಟವನ್ನೂ ನೆನಪಿಟ್ಟುಕೊಂಡ ಮಾದರಿಗೆ ಮಾತ್ರ ಇದನ್ನು ತೋರಿಸಲು ಸಾಧ್ಯ.

ಮಲೆನಾಡಿನಲ್ಲಿ ಹಾರದೆ ನಿಂತ ವಿಮಾನಕ್ಕೂ ಸವೆತವಿದೆ. ಅರ್ಧ ತುಂಬಿದ ಟ್ಯಾಂಕಿನ ಖಾಲಿ ಭಾಗದಲ್ಲಿ ರಾತ್ರಿಯ ತೇವ ಹನಿಗಟ್ಟಿ ತಳಕ್ಕಿಳಿಯುತ್ತದೆ. ಬೆಳಗ್ಗೆ ತಳದ ಕವಾಟದಿಂದ ಸ್ವಲ್ಪ ಇಂಧನ ಇಳಿಸಿ, ನೀರಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವ ನಿಯಮ ಬಂದದ್ದು ಅದಕ್ಕೇ. ಲೈಕಮಿಂಗ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುತ್ತದೆ. ವಾರಗಟ್ಟಲೆ ಓಡಿಸದಿದ್ದರೆ ಅದರ ಮೇಲಿನ ಆಯಿಲ್ ಕೆಳಗಿಳಿದು, ತೇವಕ್ಕೆ ತುಕ್ಕು ಹಿಡಿಯುತ್ತದೆ. ಓವರ್‌ಹಾಲ್‌ಗೆ ಮುನ್ನ 2,000 ಗಂಟೆ ಓಡಬಹುದಾದ ಎಂಜಿನ್ ಕೆಲವೇ ನೂರು ಗಂಟೆಗೆ ಬಿಚ್ಚುವ ಸ್ಥಿತಿಗೆ ಬರುವುದು ಹೀಗೆಯೇ. ಒಳ್ಳೆಯ ಮಾದರಿ ಹಾರಿದ ಗಂಟೆಗಳನ್ನಷ್ಟೇ ಅಲ್ಲ, ಹಾರದೆ ಕಳೆದ ದಿನಗಳನ್ನೂ, ಆ ದಿನಗಳ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮವರು ತೆತ್ತ ಬೆಲೆ

ಎಂಜಿನ್ ಕೆಡುವುದನ್ನು ಕೃತಕವಾಗಿ ಕಟ್ಟಿಕೊಡುವ ಈ ವಿದ್ಯೆಯನ್ನು ನಾನು ಆಟದ ಮಾತಾಗಿ ನೋಡಲಾರೆ. ಕರ್ನಾಟಕದಲ್ಲೇ ರೂಪುಗೊಂಡ ಎರಡು ವಿಮಾನಗಳ ಕಥೆ ಅದಕ್ಕೆ ಕಾರಣ.

ಮೊದಲನೆಯದು ಎಚ್‌ಪಿಟಿ-32 ದೀಪಕ್. ಬೆಂಗಳೂರಿನ ಎಚ್‌ಎಎಲ್ ವಿನ್ಯಾಸಗೊಳಿಸಿದ, 1977ರ ಜನವರಿಯಲ್ಲಿ ಮೊದಲು ಹಾರಿದ, 260 ಅಶ್ವಶಕ್ತಿಯ ಒಂಟಿ ಲೈಕಮಿಂಗ್ ಎಂಜಿನ್‌ನ ತರಬೇತಿ ವಿಮಾನ. ವಾಯುಪಡೆಯ ಒಂದು ಇಡೀ ತಲೆಮಾರು ಹಾರಾಟದ ಅಕ್ಷರಾಭ್ಯಾಸ ಮಾಡಿದ್ದು ಇದರಲ್ಲೇ. ಆದರೆ ಇಂಧನ ಪೂರೈಕೆಯಲ್ಲಿ ತೊಡಕಾಗಿ ಹಾರಾಟದ ನಡುವೆಯೇ ಎಂಜಿನ್ ನಿಂತ ಪ್ರಸಂಗಗಳು ಮರುಕಳಿಸುತ್ತಲೇ ಹೋದವು. ಎಂಜಿನ್ ನಿಂತ ಮೇಲೆ ತೇಲುವುದರಲ್ಲೂ ಅದು ಚುರುಕಾಗಿರಲಿಲ್ಲ. 17 ಅಪಘಾತಗಳಲ್ಲಿ 19 ಪೈಲಟ್‌ಗಳು ಪ್ರಾಣ ಕಳೆದುಕೊಂಡರು. 2009ರ ಜುಲೈ ಕೊನೆಯಲ್ಲಿ ಮತ್ತೆ ಇಬ್ಬರು ಸತ್ತ ಮೇಲೆ ವಾಯುಪಡೆ ಅದನ್ನು ನೆಲಕ್ಕಿಳಿಸಿತು. ಹಾರಲು ಕಲಿಯಲೆಂದು ಬಂದ, ಇಪ್ಪತ್ತರ ಆಚೀಚೆಯ ಹುಡುಗರ ಕೈಗೆ ಕೊಟ್ಟ ವಿಮಾನ ಅದು.

ಎರಡನೆಯದು ಸರಸ್. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಕಟ್ಟಿದ 14 ಸೀಟಿನ ಅವಳಿ ಎಂಜಿನ್ ವಿಮಾನ. 2009ರ ಮಾರ್ಚ್ 6ರಂದು ಅದರ ಎರಡನೆಯ ಮಾದರಿ ಪರೀಕ್ಷಾ ಹಾರಾಟಕ್ಕೆ ಹೊರಟಿತ್ತು. ಹಾರುತ್ತಿರುವಾಗಲೇ ಒಂದು ಎಂಜಿನನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು ಅಂದಿನ ಪರೀಕ್ಷೆಗಳಲ್ಲೊಂದು. ವಿಮಾನ ಹಿಡಿತ ತಪ್ಪಿ ಬಿಡದಿ ಬಳಿ ಬಿತ್ತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ತೀರಿಕೊಂಡರು. ಎಂಜಿನ್ ಮರುಚಾಲನೆಗೆಂದು ರೂಪಿಸಿಕೊಟ್ಟಿದ್ದ ವಿಧಾನವೇ ಸರಿಯಿರಲಿಲ್ಲ, ಅದಕ್ಕೆ ಬೇಕಾದಷ್ಟು ಎತ್ತರವೂ ಇರಲಿಲ್ಲ ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆ ಹೇಳಿತು.

ಈ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ನಿಂತ ಎಂಜಿನ್ ವಿಮಾನವನ್ನು ಸುಮ್ಮನೆ ಬಿಡುವುದಿಲ್ಲ. ಅವಳಿ ಎಂಜಿನ್‌ಗಳಲ್ಲಿ ಒಂದು ನಿಂತರೆ ಇನ್ನೊಂದು ವಿಮಾನವನ್ನು ಒಂದೇ ಕಡೆಗೆ ಜಗ್ಗುತ್ತದೆ. ನಿಂತ ಎಂಜಿನ್‌ನ ಪ್ರೊಪೆಲರ್ ಎಲೆಗಳು ಗಾಳಿಗೆ ಅಂಚು ಕೊಟ್ಟು ನಿಲ್ಲದೆ ಗಾಳಿಗೆ ಸಿಕ್ಕಿ ತಿರುಗುತ್ತಿದ್ದರೆ ದೊಡ್ಡ ತಡೆಯಾಗುತ್ತದೆ. ಶಕ್ತಿ ಸೊನ್ನೆಯಾಯಿತು ಎಂದಷ್ಟೇ ತೋರಿಸಿ, ಈ ಎಳೆತವನ್ನೂ ತಡೆಯನ್ನೂ ಲೆಕ್ಕ ಹಾಕದ ಸಿಮ್ಯುಲೇಟರ್ ಕಲಿಯುವವರಿಗೆ ಸುಳ್ಳು ಧೈರ್ಯ ತುಂಬುತ್ತದೆ.

ಸರಸ್‌ನಂತೆ ಟರ್ಬೈನ್ ಎಂಜಿನ್‌ನಿಂದ ಪ್ರೊಪೆಲರ್ ತಿರುಗಿಸುವ ಟರ್ಬೊಪ್ರಾಪ್ ವಿಮಾನಗಳ ಜೊತೆ ಹಾಸನ ಜಿಲ್ಲೆಗೂ ಒಂದು ನಂಟಿದೆ. ಗೊರೂರಿನವರಾದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದ್ದು ಎಟಿಆರ್ ಟರ್ಬೊಪ್ರಾಪ್‌ಗಳೊಂದಿಗೆ. ಸಣ್ಣ ಊರುಗಳಿಗೆ ಅವು ಹೇಳಿಮಾಡಿಸಿದ ವಿಮಾನಗಳು, ಆದರೆ ಟರ್ಬೈನ್ ಎಂಜಿನ್ ಚಾಲೂ ಮಾಡುವುದು ನಾಜೂಕಿನ ಕೆಲಸ. ಟರ್ಬೈನ್ ಸಾಕಷ್ಟು ವೇಗಕ್ಕೆ ತಿರುಗುವ ಮೊದಲೇ ಇಂಧನ ಬಿಟ್ಟರೆ, ಇಲ್ಲವೇ ಬ್ಯಾಟರಿ ಸೊರಗಿದ್ದು ತಿರುಗುವ ವೇಗ ಏರದಿದ್ದರೆ, ತಂಪು ಮಾಡಲು ಗಾಳಿ ಸಾಲದೆ ಒಳಗಿನ ಶಾಖ ಕೆಲವೇ ಸೆಕೆಂಡುಗಳಲ್ಲಿ ಮಿತಿ ಮೀರುತ್ತದೆ. ಆ ಕೆಲವು ಸೆಕೆಂಡಿಗೆ ತೆರಬೇಕಾದ ಬೆಲೆ ಒಂದು ಇಡೀ ಎಂಜಿನ್. ಮನೆಯ ಸಿಮ್ಯುಲೇಟರಿನಲ್ಲಿ ಬ್ಯಾಟರಿಯ ವೋಲ್ಟೇಜ್ ನೋಡುವ, ಶಾಖದ ಮುಳ್ಳಿನ ಮೇಲೆ ಕಣ್ಣಿಟ್ಟು ಇಂಧನದ ಲಿವರ್ ಮೇಲೆ ಕೈಯಿಟ್ಟಿರುವ ಅಭ್ಯಾಸವಾದರೆ ಅದು ಬರೀ ಆಟವಲ್ಲ.

ಈ ಪಾಠಗಳನ್ನು ದೊಡ್ಡ ಪ್ರಮಾಣದಲ್ಲಿ ಕಲಿಸುವ ಏರ್ಪಾಡುಗಳು ನಮ್ಮಲ್ಲೇ ಇವೆ. ಹೆಲಿಕಾಪ್ಟರ್ ಪೈಲಟ್‌ಗಳಿಗಾಗಿ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸೇರಿ ಬೆಂಗಳೂರಿನಲ್ಲಿ ಹ್ಯಾಟ್ಸಾಫ್ ಕೇಂದ್ರ ಕಟ್ಟಿದವು. ಡಿಆರ್‌ಡಿಒದ ಎಡಿಇ ಪ್ರಯೋಗಾಲಯ ತೇಜಸ್ ಯುದ್ಧವಿಮಾನಕ್ಕಾಗಿ ಸಿಮ್ಯುಲೇಟರ್ ರೂಪಿಸಿತು. 2001ರ ಜನವರಿ 4ರಂದು ತೇಜಸ್ ಮೊದಲ ಬಾರಿ ನೆಲ ಬಿಡುವ ಮೊದಲು ಪೈಲಟ್‌ಗಳು ಅದನ್ನು ನೆಲದ ಮೇಲೇ ಬಹಳ ಕಾಲ ಹಾರಿಸಿದ್ದರು. ಇಂಥ ಕೇಂದ್ರಗಳಲ್ಲಿ ಪೈಲಟ್‌ನ ಹಿಂದೆ ಕೂತ ಶಿಕ್ಷಕರು ಯಾವಾಗ, ಯಾವ ಎಂಜಿನ್, ಯಾವ ರೀತಿ ಕೆಡಬೇಕು ಎಂದು ನಿರ್ಧರಿಸುತ್ತಾರೆ. ನಿಜವಾದ ಹೆಲಿಕಾಪ್ಟರಿನಲ್ಲಿ ಮಾಡಲು ಯಾರಿಗೂ ಧೈರ್ಯ ಬಾರದ ಪ್ರಯೋಗಗಳು ಅಲ್ಲಿ ದಿನವೂ ನಡೆಯುತ್ತವೆ.

ಸಿಮ್ಯುಲೇಟರ್ ಎಲ್ಲಿ ಸೋಲುತ್ತದೆ

ಆದರೂ ಸಿಮ್ಯುಲೇಟರ್ ಹೇಳಿದ್ದೆಲ್ಲ ನಿಜವಾಗಬೇಕಿಲ್ಲ. ಅದನ್ನು ಕಟ್ಟಿದವರಿಗೆ ಗೊತ್ತಿದ್ದಷ್ಟೇ ಅದಕ್ಕೂ ಗೊತ್ತು. ಸರಸ್ ಪ್ರಕರಣದಲ್ಲಿ ವಿಧಾನವೇ ತಪ್ಪಾಗಿತ್ತು. ಅದೇ ಊಹೆಗಳ ಮೇಲೆ ಸಿಮ್ಯುಲೇಟರ್ ಕಟ್ಟಿದ್ದರೆ ಅದೂ ಆ ತಪ್ಪಿಗೆ ಸಾಕ್ಷಿ ನುಡಿಯುತ್ತಿತ್ತು. ಅಳೆದು ತಂದ ಅಂಕಿ ಇಲ್ಲದ ಮಾದರಿ ನಂಬಿಕೆಗೆ ಅರ್ಹವಲ್ಲ.

ಎರಡನೆಯ ಮಿತಿ ಮನುಷ್ಯನದು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಶಕ್ತಿ ಕಳೆದುಕೊಂಡ ಯುಎಸ್ ಏರ್‌ವೇಸ್ 1549 ವಿಮಾನವನ್ನು ಪೈಲಟ್‌ಗಳು ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಮಂದಿಯೂ ಬದುಕಿದರು. ಆಮೇಲೆ ತನಿಖೆಯ ಸಿಮ್ಯುಲೇಟರಿನಲ್ಲಿ, ಹಕ್ಕಿ ಬಡಿದ ಕೂಡಲೇ ತಿರುಗಿಸಿದ ಕೆಲವು ಪೈಲಟ್‌ಗಳು ವಿಮಾನವನ್ನು ರನ್‌ವೇಗೆ ಮುಟ್ಟಿಸಿಯೂ ಇದ್ದರು. ಆದರೆ ಏನಾಯಿತು ಎಂದು ಅರ್ಥಮಾಡಿಕೊಂಡು ನಿರ್ಧರಿಸಲು ಮನುಷ್ಯನಿಗೆ ಬೇಕಾದ ಹೊತ್ತೆಂದು 35 ಸೆಕೆಂಡು ತಡ ಮಾಡಿಸಿದಾಗ ವಿಮಾನ ರನ್‌ವೇ ತಲುಪಲಿಲ್ಲ. ಎಂಜಿನ್ ಎಷ್ಟೇ ನಿಖರವಾಗಿ ಕೆಟ್ಟರೂ, ಕೆಡುತ್ತದೆಂದು ಮೊದಲೇ ಗೊತ್ತಿದ್ದವರ ಕೈಯಲ್ಲಿ ಅದು ಅರ್ಧ ಪರೀಕ್ಷೆಯೇ.

ಮೂರನೆಯ ಮಿತಿ ನೆಲದ್ದು. ಹಲವು ಸಿಮ್ಯುಲೇಟರುಗಳ ನೆಲ ಉಪಗ್ರಹ ಚಿತ್ರಗಳಿಂದ ಬಂದದ್ದು. ಚಿತ್ರ ತೆಗೆದ ತಿಂಗಳ ಹೊಲವೇ ವರ್ಷವಿಡೀ ಕಾಣುತ್ತದೆ. ಆಗಸ್ಟ್‌ನಲ್ಲಿ ನಾಟಿಗೆ ನೀರು ನಿಲ್ಲಿಸಿದ ಗದ್ದೆ ಅಲ್ಲಿ ಒಣಗಿದ ಬಯಲಿನಂತೆ ಇದ್ದೀತು. ಗೊರೂರಿನ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿದು ಬಿಟ್ಟುಕೊಡುವ ನೆಲ ಅಲ್ಲಿ ನೀರಾಗಿಯೇ ಇದ್ದೀತು. ಬಲ್ಲವರು ನೆಲವನ್ನು ಕಣ್ಣಾರೆ ನೋಡಿದ ಜ್ಞಾನವನ್ನು ಜೊತೆಗೆ ಒಯ್ಯಬೇಕು. ಈ ಸೀಮೆಯ ಮಕ್ಕಳಿಗೆ ಆ ಜ್ಞಾನ ಹುಟ್ಟಿನಿಂದಲೇ ಇದೆ.

ಮಾಡಬಹುದಾದ್ದು

ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಈ ಭಾಗದ ಮಕ್ಕಳನ್ನು ಎಂಜಿನಿಯರ್‌ಗಳನ್ನಾಗಿ ಮಾಡುತ್ತಿದೆ. ಅಲ್ಲಿನ ಅಥವಾ ಎಲ್ಲಿಯದೇ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಒಂದು ಪ್ರಾಜೆಕ್ಟ್ ಇಲ್ಲಿ ಕಾದಿದೆ: ನಾಲ್ಕು ಸಿಲಿಂಡರಿನ ಗಾಳಿ ತಂಪಿನ ಎಂಜಿನ್ ಒಂದಕ್ಕೆ ಶಾಖ, ಆಯಿಲ್, ಸವೆತದ ಲೆಕ್ಕ ಬರೆದು, ಅದನ್ನು ಸಕಲೇಶಪುರದ ಒಂದು ವರ್ಷದ ಉಷ್ಣಾಂಶ ಮತ್ತು ತೇವಾಂಶಕ್ಕೆ ಒಡ್ಡಿ ನೋಡುವುದು. ಎಕ್ಸ್‌-ಪ್ಲೇನ್‌ನಂಥ ವೇದಿಕೆಗೆ ಅಂಥ ಮಾದರಿಯನ್ನು ಸೇರಿಸಲು ಸಾಧ್ಯವಿದೆ. ಶೀತ ದೇಶಗಳ ಅನುಭವದ ಮೇಲೆ ಬರೆದ ಕೈಪಿಡಿಗಳಲ್ಲಿ ಸಿಗದ ಮಳೆಗಾಲದ ಪಾಠ ಅದರಿಂದ ಸಿಕ್ಕೀತು.

ಮನೆಯಲ್ಲಿ ಹಾರಿಸುವವರಿಗೆ ನನ್ನ ಬಿನ್ನಹ ಇಷ್ಟು. ಸವೆತ ಉಳಿಸಿಕೊಳ್ಳುವ ಆಯ್ಕೆ ಇದ್ದರೆ ಅದು ಸದಾ ಚಾಲೂ ಇರಲಿ. ಒಂದೇ ವಿಮಾನವನ್ನು ಬಹಳ ದಿನ ಹಾರಿಸಿ. ಪ್ರತಿ ಹಾರಾಟದಲ್ಲೂ ಆಯಿಲ್ ಪ್ರೆಶರ್, ಆಯಿಲ್ ಶಾಖ, ಸಿಲಿಂಡರ್ ಶಾಖ, ಮ್ಯಾಗ್ನೆಟೊ ಪರೀಕ್ಷೆಯ ಇಳಿತ ಇವಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಿಂಗಳಾದ ಮೇಲೆ ಅಂಕಿಗಳನ್ನು ಸಾಲಾಗಿ ನೋಡಿದರೆ, ಎಂಜಿನ್ ನಿಲ್ಲುವ ಬಹಳ ಮೊದಲೇ ಅದು ಹೇಳುತ್ತಿದ್ದ ಮಾತು ಕಾಣುತ್ತದೆ. ಮತ್ತು ಒಂದು ದಿನ ಅದು ಬಿಸಿಲೆಯ ಕಾಡಿನ ಮೇಲೆ ನಿಂತೇ ಹೋದರೆ, ಕೂಡಲೇ ಹೊಸ ಹಾರಾಟದ ಗುಂಡಿ ಒತ್ತಬೇಡಿ. ನೋಟ್‌ಬುಕ್ ತೆಗೆದು ಕಾರಣ ಹುಡುಕಿ, ಸಿಗುವವರೆಗೂ ಹುಡುಕಿ. ದೀಪಕ್‌ನ ಹುಡುಗರಿಗೆ, ಸರಸ್‌ನ ಮೂವರಿಗೆ ಎರಡನೆಯ ಅವಕಾಶ ಇರಲಿಲ್ಲ. ನಮಗೆ ಇದೆ. ಅದನ್ನು ಕಾರಣ ತಿಳಿಯುವುದಕ್ಕೆ ಬಳಸುವುದೇ ಅವರಿಗೆ ನಾವು ಸಲ್ಲಿಸಬಹುದಾದ ಗೌರವ.